ಕೀಲಿ ಯಾರ ಹತ್ತಿರ ಇದೆ? ಕರಾವಳಿಯ ಬೀಚು, ದೀಪಸ್ತಂಭ ನೋಡಿಕೊಳ್ಳುವವರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ನಮಸ್ಕಾರ. ಈ ಪತ್ರ ಯಾರಿಗೆ ಬರೆಯಬೇಕು ಎನ್ನುವುದೇ ನನಗೆ ಎರಡು ವಾರ ತಿಳಿಯಲಿಲ್ಲ. ದೀಪಸ್ತಂಭ ಕೇಂದ್ರ ಸರ್ಕಾರದ್ದು. ಅದರ ಬುಡದ ಮರಳಿಗೆ ಜಿಲ್ಲೆಯವರು ಜವಾಬ್ದಾರರು. ಶೌಚಾಲಯ ಕಟ್ಟಿಸಿದವರು ಒಬ್ಬರು, ಅದನ್ನು ನಡೆಸುವ ಗುತ್ತಿಗೆ ಇನ್ನೊಬ್ಬರದು. ಪಾರ್ಕಿಂಗ್ ಚೀಟಿ ಹರಿದು ಕೊಡುವ ಹುಡುಗನನ್ನು ಕೇಳಿದರೆ ಅವನು ಇವರ್ಯಾರಿಗೂ ಸೇರಿದವನಲ್ಲ. ಇದನ್ನೆಲ್ಲ ನನ್ನ 7 ವರ್ಷದ ಮಗಳಿಗೆ ಬಿಡಿಸಿ ಹೇಳಲು ಹೋದೆ. ಅವಳು ಕೇಳಿದ್ದು ಒಂದೇ ಪ್ರಶ್ನೆ: "ಹಾಗಾದ್ರೆ ಕೀಲಿ ಯಾರ ಹತ್ರ ಇರತ್ತಮ್ಮ?"

ಅವಳು ಕೇಳಿದ್ದೇ ಸರಿ ಅನ್ನಿಸಿತು. ಆದ್ದರಿಂದ ಕೀಲಿ ಯಾರ್ಯಾರ ಹತ್ತಿರ ಇದೆಯೋ ಅವರಿಗೆಲ್ಲ ಈ ಪತ್ರ.

ಮೊದಲೇ ಒಂದು ಮಾತು. ನಮಗೆ ತೊಂದರೆಯಾದ ಬೀಚಿನ ಹೆಸರನ್ನಾಗಲಿ, ಬಾಗಿಲು ಹಾಕಿದ್ದ ದೀಪಸ್ತಂಭದ ಹೆಸರನ್ನಾಗಲಿ ನಾನು ಬರೆಯುವುದಿಲ್ಲ. ಬರೆದರೆ ಏನಾಗುತ್ತದೆ ಎಂದು ನಿಮಗೂ ಗೊತ್ತು. ಮೇಲಿನಿಂದ ಒಂದು ಫೋನ್ ಬರುತ್ತದೆ. ದಿನಗೂಲಿಯ ಯಾವನೋ ಹುಡುಗನ ಕೆಲಸ ಹೋಗುತ್ತದೆ. ಬೀಗ ಮಾತ್ರ ಅಲ್ಲೇ ಇರುತ್ತದೆ. ಅದು ನನಗೆ ಬೇಡ. ಓದುವಾಗ ನಿಮ್ಮಲ್ಲಿ ಕೆಲವರಿಗೆ "ಇದು ನಮ್ಮ ಬೀಚೇ ಇರಬೇಕು" ಅನ್ನಿಸಬಹುದು. ಅನ್ನಿಸಲಿ.

ನಾವು ತೀರ್ಥಹಳ್ಳಿ ಕಡೆಯವರು. ಹೊಳೆ, ಮಳೆ, ಅಡಿಕೆ ತೋಟ ನೋಡಿ ಬೆಳೆಯುವ ಮಕ್ಕಳಿಗೆ ಸಮುದ್ರ ಅಂದರೆ ಹುಚ್ಚು. ಆಗುಂಬೆ ಘಾಟಿ ಇಳಿದು ಹೆಬ್ರಿ ದಾಟಿದರೆ ಉಡುಪಿ. ನೂರು ಕಿಲೋಮೀಟರೂ ಆಗುವುದಿಲ್ಲ. ಬೆಳಿಗ್ಗೆ ಹೊರಟು ರಾತ್ರಿ ಮನೆ ಸೇರಬಹುದು. ಹೀಗೆ ಘಟ್ಟದ ಮೇಲಿನಿಂದ ಒಂದೇ ದಿನಕ್ಕೆ ಬಂದು ಹೋಗುವ ಸಂಸಾರಗಳು ಬೇಕಾದಷ್ಟಿವೆ. ನಾವು ಲಾಡ್ಜ್ ಹಿಡಿಯುವುದಿಲ್ಲ, ರೆಸಾರ್ಟ್‌ಗೆ ಹೋಗುವುದಿಲ್ಲ. ಬುತ್ತಿ ಕಟ್ಟಿಕೊಂಡು ಬರುತ್ತೇವೆ. ಗೋಳಿಬಜೆಗೆ, ಎಳನೀರಿಗೆ, ಐಸ್‌ಕ್ರೀಮಿಗೆ ಒಂದಷ್ಟು ಖರ್ಚು ಮಾಡುತ್ತೇವೆ, ವಾಪಸ್ ಹೋಗುತ್ತೇವೆ. ಬಹುಶಃ ಅದಕ್ಕೇ ಯಾರ ಲೆಕ್ಕದಲ್ಲೂ ನಾವು ಜಾಸ್ತಿ ಬರುವುದಿಲ್ಲ.

ಹೋದ ನವೆಂಬರ್‌ನ ಒಂದು ಭಾನುವಾರ. ನಾನು, ನಮ್ಮನೆಯವರು, ಅತ್ತೆ, ಮಗಳು, 4 ವರ್ಷದ ಮಗ. ಬೆಳಿಗ್ಗೆ ಐದೂವರೆಗೆ ಕಾರು ಹತ್ತಿದೆವು. ಆಗುಂಬೆಯ 14 ತಿರುವುಗಳಲ್ಲಿ ಒಂಬತ್ತನೆಯದಕ್ಕೆ ಮಗ ವಾಂತಿ ಮಾಡಿದ. ಅತ್ತೆ ಮೂಸಿಸಲು ತಂದಿದ್ದ ನಿಂಬೆಹಣ್ಣನ್ನು ಅವನು ಅಷ್ಟರಲ್ಲಿ ಕಚ್ಚಿ ತಿಂದಿದ್ದ. ಘಾಟಿ ಇಳಿದ ಮೇಲೆ ಎಲ್ಲ ಸರಿಹೋಯಿತು. ಉಡುಪಿಯಲ್ಲಿ ಬನ್ಸ್ ತಿಂದು ಮಲ್ಪೆಗೆ ಹೋದೆವು, ಅಲ್ಲಿಂದ ದೋಣಿ ಹತ್ತಿ ಸೇಂಟ್ ಮೇರೀಸ್ ದ್ವೀಪಕ್ಕೆ. ಮಳೆಗಾಲದಲ್ಲಿ ಈ ದೋಣಿ ಇರುವುದಿಲ್ಲ. ಹಾಗಾಗಿ ಜೂನ್‌ನಿಂದಲೂ ಮಕ್ಕಳು ದಿನ ಎಣಿಸುತ್ತಿದ್ದರು.

ಆ ಕಲ್ಲುಗಳನ್ನು ನೋಡಿದ್ದೀರಲ್ಲ. ಯಾರೋ ಕಡೆದು ನಿಲ್ಲಿಸಿದ ಹಾಗೆ ಐದು ಮೂಲೆ, ಆರು ಮೂಲೆಯ ಕಂಬಗಳು. ಸುಮಾರು 8.8 ಕೋಟಿ ವರ್ಷದ ಹಿಂದೆ ಉಕ್ಕಿದ ಲಾವಾ ತಣ್ಣಗಾಗುವಾಗ ಹಾಗೆ ಬಿರುಕು ಬಿಟ್ಟಿದ್ದು. ಆಗ ನಮ್ಮ ನೆಲಕ್ಕೆ ಮಡಗಾಸ್ಕರ್ ಅಂಟಿಕೊಂಡಿತ್ತು, ಆಮೇಲೆ ಬೇರೆಯಾಯಿತು. ನಮ್ಮನೆಯವರು ಇದನ್ನು ಹೇಳಿದಾಗ ಮಗಳು ಕಲ್ಲಿನ ಮೇಲೆ ಅಂಗೈ ಇಟ್ಟು, "ಇನ್ನೂ ಬಿಸಿ ಇದೆ" ಅಂದಳು. ಬಿಸಿಲಿಗೆ ಕಾದಿದ್ದು ಅಂತ ನಾನು ಹೇಳಲಿಲ್ಲ. ಒಂದು ದಿನದ ಪ್ರವಾಸಕ್ಕೆ ಮಕ್ಕಳನ್ನು ಯಾಕೆ ಕರೆದುಕೊಂಡು ಹೋಗಬೇಕು ಎಂದು ಕೇಳುವವರಿಗೆ ನನ್ನ ಉತ್ತರ ಆ ಅಂಗೈ.

ತೊಂದರೆ ಶುರುವಾಗಿದ್ದು ಮಧ್ಯಾಹ್ನ.

ಮಗಳಿಗೆ ಶಾಲೆಯಲ್ಲಿ ದೀಪಸ್ತಂಭದ ಪಾಠ ಆಗಿತ್ತು. ಹತ್ತಲೇಬೇಕು ಎಂದು ಹಟ. ಯಾವ ಹೊತ್ತಿಗೆ ತೆರೆದಿರುತ್ತದೆ ಎಂದು ಹಿಂದಿನ ರಾತ್ರಿಯೇ ಫೋನಿನಲ್ಲಿ ಹುಡುಕಿದ್ದೆವು. ಮೂರು ಕಡೆ ಮೂರು ಸಮಯ ಇತ್ತು. ಒಂದು ಕಡೆ ಇಡೀ ದಿನ, ಇನ್ನೊಂದು ಕಡೆ ಸಂಜೆ ಮಾತ್ರ, ಮತ್ತೊಂದು ಕಡೆ ಸೋಮವಾರ ರಜೆ ಎಂದಷ್ಟೇ. ಸಿಕ್ಕಿದ ನಂಬರಿಗೆ ಕರೆ ಮಾಡಿದರೆ ಯಾರೂ ಎತ್ತಲಿಲ್ಲ. ಹೆದ್ದಾರಿಯಿಂದ ಒಳಗೆ ತಿರುಗುವಲ್ಲಿ ದೀಪಸ್ತಂಭ ಎಂದು ಬಾಣದ ಗುರುತು ಇತ್ತು, ಸಮಯ ಇರಲಿಲ್ಲ. ಗೇಟಿನ ಮುಂದೆ ಹೋಗಿ ನಿಂತಾಗ ಗಂಟೆ ಹನ್ನೆರಡೂ ಮುಕ್ಕಾಲು. ಬೀಗ. ಪಕ್ಕದಲ್ಲಿ ತಗಡಿನ ಬೋರ್ಡು. ಅದರಲ್ಲಿ ಹಿಂದಿ, ಇಂಗ್ಲಿಷ್ ಮಾತ್ರ. ಅವೂ ಉಪ್ಪುಗಾಳಿಗೆ ಬಣ್ಣ ಎದ್ದು, ಸಮಯ ಬರೆದ ಜಾಗದಲ್ಲಿ 'ಟು' ಎನ್ನುವ ಒಂದು ಪದ ಉಳಿದಿತ್ತು. ಎಷ್ಟರಿಂದ ಎಷ್ಟರವರೆಗೆ ಅನ್ನುವುದು ತುಕ್ಕು ತಿಂದಿತ್ತು.

"ಒಂದು," ಅಂದಳು ಮಗಳು. ಏನು ಎಂದು ಕೇಳಿದರೆ, "ಬೀಗ."

ದೀಪಸ್ತಂಭ ಇಡೀ ದಿನ ತೆರೆದಿರಬೇಕು ಎಂದು ನಾನು ಹೇಳುತ್ತಿಲ್ಲ. ಅದು ಕೆಲಸ ಮಾಡುವ ಜಾಗ, ನಮ್ಮ ಆಟಕ್ಕೆ ಕಟ್ಟಿದ್ದಲ್ಲ. ಮಧ್ಯಾಹ್ನದ ಬಿಸಿಲಲ್ಲಿ ಆ ಗಾಜಿನ ಕೋಣೆ ಎಷ್ಟು ಕಾಯುತ್ತದೋ. ಸಂಜೆ ಮಾತ್ರ ಬಿಡುವುದಕ್ಕೆ ಕಾರಣ ಇರುತ್ತದೆ. ಆದರೆ ಸಂಜೆ ಮಾತ್ರ ಎಂದು ಹೇಳುವುದಕ್ಕೂ ಒಬ್ಬರು ಬೇಕಲ್ಲ. ನಾವೇನೋ ಕಾರಿನಲ್ಲಿ ಬಂದವರು. ಅದೇ ಗೇಟಿನ ಮುಂದೆ ಹಾವೇರಿ ಕಡೆಯ ಒಂದು ಸಂಸಾರ ಇತ್ತು. ಬಸ್ಸು ಇಳಿದು, ಕೂಸನ್ನು ಸೊಂಟದ ಮೇಲೆ ಹೊತ್ತು ನಡೆದು ಬಂದವರು. ಬೀಗ ನೋಡಿ ಒಂದು ಮಾತೂ ಆಡದೆ ಅವರು ವಾಪಸ್ ತಿರುಗಿದರು. ನಮ್ಮ ಜನಕ್ಕೆ ಬೀಗ ನೋಡಿ ಅಭ್ಯಾಸ ಆಗಿಹೋಗಿದೆ.

ಊಟದ ಹೊತ್ತಿಗೆ ಒಂದು ಬೀಚಿಗೆ ಬಂದೆವು. ದೂರದಿಂದ ನೋಡಿದರೆ ಏನು ಚೆಂದ ಅಂತೀರಿ. ಗಾಳಿಮರದ ಸಾಲು, ಇಂಟರ್‌ಲಾಕ್ ಹಾಸಿದ ದಾರಿ, ಆಳೆತ್ತರದ ಅಕ್ಷರಗಳಲ್ಲಿ 'ಐ ಲವ್' ಎಂದು ಊರಿನ ಹೆಸರು. ಆ ಅಕ್ಷರಗಳ ಒಳಗೆ ಹಗಲಲ್ಲೂ ಬಲ್ಬು ಉರಿಯುತ್ತಿತ್ತು. ಅದರ ಹಿಂದೆಯೇ ಶೌಚಾಲಯ, ಬಟ್ಟೆ ಬದಲಿಸುವ ಕೋಣೆ, ಕುಡಿಯುವ ನೀರಿನ ಘಟಕ, ಎಲ್ಲ ಒಂದೇ ಸಾಲಿನಲ್ಲಿ. ಉದ್ಘಾಟನೆಯ ಕಲ್ಲು ಮಾತ್ರ ಫಳಫಳ ಹೊಳೆಯುತ್ತಿತ್ತು.

ಮಹಿಳೆಯರ ಶೌಚಾಲಯಕ್ಕೆ ಬೀಗ. ಎರಡು. ಬಟ್ಟೆ ಬದಲಿಸುವ ಕೋಣೆಗೆ ಬೀಗ, ಅದೂ ತುಕ್ಕು ಹಿಡಿದು ಚಿಲಕಕ್ಕೇ ಅಂಟಿಕೊಂಡ ಬೀಗ. ಮೂರು. ನೀರಿನ ಘಟಕದ ಬಾಗಿಲಿಗೆ ಬೀಗ, ನಲ್ಲಿಯ ಬಾಯಿಗೆ ಜೇಡರ ಬಲೆ. ನಾಲ್ಕು. ಗಂಡಸರ ಶೌಚಾಲಯಕ್ಕೆ ಬೀಗ ಇರಲಿಲ್ಲ, ಬಾಗಿಲೇ ಇರಲಿಲ್ಲ.

ನಾಲ್ಕು ವರ್ಷದ ಮಗು "ಅಮ್ಮ, ಅರ್ಜೆಂಟ್" ಅಂದರೆ ಎಷ್ಟು ನಿಮಿಷ ಇರುತ್ತದೆ ಎಂದು ಮಕ್ಕಳನ್ನು ಸಾಕಿದವರಿಗೆ ಗೊತ್ತು. ಅವನನ್ನು ಮರದ ಬುಡಕ್ಕೆ ಕರೆದುಕೊಂಡು ಹೋಗಬಹುದು. 7 ವರ್ಷದವಳನ್ನು? 68 ವರ್ಷದ, ಸಕ್ಕರೆ ಕಾಯಿಲೆ ಇರುವ ಅತ್ತೆಯನ್ನು? ಅತ್ತೆ ಅಂದು ಬೆಳಿಗ್ಗೆ ದೋಣಿ ಇಳಿದಾಗಿನಿಂದ ನೀರು ಕುಡಿದಿರಲಿಲ್ಲ. ಯಾಕೆ ಎಂದು ನಾನು ಕೇಳಲೂ ಇಲ್ಲ. ಹೊರಗೆ ಹೋದರೆ ನಾನೂ ಹಾಗೇ ಮಾಡುತ್ತೇನೆ. ನಮ್ಮ ಕಡೆಯ ಹೆಂಗಸರೆಲ್ಲ ಹೀಗೇ ಬಾಯಾರಿಕೊಂಡು ಊರು ನೋಡುವವರು. ಪ್ರವಾಸೋದ್ಯಮದ ಯಾವ ಫೋಟೊದಲ್ಲೂ ಇದು ಕಾಣುವುದಿಲ್ಲ.

ಕೊನೆಗೆ ನಮ್ಮ ಕೈ ಹಿಡಿದದ್ದು ಎಳನೀರು ಮಾರುವ ಒಬ್ಬ ಅಮ್ಮ. ನಾವು ಬಾಗಿಲಿಂದ ಬಾಗಿಲಿಗೆ ಹೋಗುವುದನ್ನು ನೋಡುತ್ತಿದ್ದವರು ಕತ್ತಿ ಕೆಳಗಿಟ್ಟು, "ಬಲೆ, ಬಲೆ" ಎಂದು ಕೈಮಾಡಿ ಕರೆದರು. ಮತ್ತೆ ನಮಗೆ ತುಳು ಬಾರದು ಎಂದು ತಿಳಿದು, "ಮಕ್ಕಳನ್ನು ಕರ್ಕೊಂಡು ಬನ್ನಿ, ಮನೆ ಇಲ್ಲೇ ಹಿಂದೆ ಉಂಟು" ಅಂದರು. ಅವರ ಬಚ್ಚಲುಮನೆಗೆ ನಾವು ನಾಲ್ವರು ಹೋಗಿ ಬಂದೆವು. ಅತ್ತೆಗೆ ಒಂದು ಚೊಂಬು ತಣ್ಣೀರೂ ಸಿಕ್ಕಿತು. ದುಡ್ಡು ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ. ಭಾನುವಾರ ಬಂತೆಂದರೆ ತಮ್ಮ ಮನೆಗೆ ಹೀಗೆ ಹತ್ತಾರು ಮಂದಿ ಬರುತ್ತಾರೆ ಎಂದರು. ಸರ್ಕಾರ ಲಕ್ಷಗಟ್ಟಲೆ ಹಾಕಿ ಕಟ್ಟಿದ್ದರ ಕೆಲಸವನ್ನು ಆ ಮನೆಯ ಒಂದು ಬಚ್ಚಲು ಮಾಡುತ್ತಿದೆ.

ಯಾಕೆ ಬೀಗ ಎಂದು ಅವರನ್ನೇ ಕೇಳಿದೆ. "ಎಂತ ಮಾಡುದು ಮಾರಾಯ್ರೆ, ತೆರೆದಿಟ್ರೆ ನಲ್ಲಿಯನ್ನೇ ಕಿತ್ಕೊಂಡು ಹೋಗ್ತಾರೆ. ಒಳಗೆ ಬಾಟ್ಲಿ ಒಡೀತಾರೆ. ಗುಡಿಸುವವಳು ಎಷ್ಟು ದಿನ ಗುಡಿಸಿಯಾಳು?" ಇದು ಸುಳ್ಳಲ್ಲ. ಮರಳಿನಲ್ಲಿ ಗಾಜಿನ ಚೂರು ನಾವೂ ನೋಡಿದೆವು. ಮಗನಿಗೆ ಚಪ್ಪಲಿ ಬಿಚ್ಚಲು ಬಿಡಲಿಲ್ಲ. ಸಮುದ್ರಕ್ಕೆ ಬಂದ ಮಗು ಚಪ್ಪಲಿ ಹಾಕಿಕೊಂಡು ಮರಳಿನಲ್ಲಿ ಆಡಿತು. ಇದರಲ್ಲಿ ತಪ್ಪು ನಿಮ್ಮದಲ್ಲ, ನಮ್ಮಂತೆ ಬಂದು ಹೋಗುವವರದು. ಒಪ್ಪುತ್ತೇನೆ. ಆದರೆ ಯಾರೋ ನಲ್ಲಿ ಕಿತ್ತರು ಎಂದು ನನ್ನ ಅತ್ತೆ ಯಾಕೆ ಬಾಯಾರಬೇಕು?

ಅಲ್ಲಿ ಮಕ್ಕಳ ಆಟದ ಜಾಗವೂ ಇತ್ತು. ಅದರ ಬಗ್ಗೆ ಒಂದು ನಿಮಿಷ ಹೇಳಲೇಬೇಕು. ಜಾರುಬಂಡೆ ಸ್ಟೀಲಿನದು. ಮೇಲೆ ನೆರಳಿಲ್ಲ. ಮಧ್ಯಾಹ್ನ ಒಂದೂವರೆಗೆ ಅದರ ಮೇಲೆ ದೋಸೆ ಹುಯ್ಯಬಹುದಿತ್ತು. ಹತ್ತಿ ಕುಳಿತ ಮಗ ಕಿರುಚಿಕೊಂಡು ಎದ್ದ, ತೊಡೆಯ ಹಿಂದೆ ಕೆಂಪು ಪಟ್ಟಿ ಎದ್ದಿತ್ತು. ಅದನ್ನು ಕೊಳ್ಳುವ ಕಾಗದಕ್ಕೆ ಸಹಿ ಹಾಕಿದವರ ಮನೆಯಲ್ಲೂ ಮಕ್ಕಳಿರಬಹುದು. ಆ ಮಕ್ಕಳು ಮಧ್ಯಾಹ್ನ ಜಾರುಬಂಡೆ ಆಡಿಲ್ಲ ಅಷ್ಟೇ.

ಇಲ್ಲಿಯವರೆಗೆ ಹೇಳಿದ್ದು ಅನನುಕೂಲದ ಮಾತು. ಇಷ್ಟೇ ಆಗಿದ್ದರೆ ಮನೆಗೆ ಬಂದು ನಾಲ್ಕು ಮಾತು ಬೈದು ಮರೆತುಬಿಡುತ್ತಿದ್ದೆ. ಈ ಪತ್ರ ಬರೆಯಲು ಕಾರಣ ಐದನೆಯ ಬೀಗ.

ಬಿಸಿಲು ಸ್ವಲ್ಪ ಇಳಿದ ಮೇಲೆ, ಮೂರರ ಸುಮಾರಿಗೆ, ನೀರಿನ ಹತ್ತಿರ ಹೋದೆವು. ಮರಳಿನಲ್ಲಿ ಒಂದು ಕಂಬ, ಅದರ ಮೇಲೆ ಬಾವುಟ. ಮಗ ಕೇಳಿದ: "ಅಮ್ಮ, ಪಿಂಕ್ ಬಾವುಟ ಅಂದ್ರೆ ಏನು?" ನನಗೂ ಗೊತ್ತಿರಲಿಲ್ಲ. ಆಮೇಲೆ ತಿಳಿಯಿತು, ಅದು ಕೆಂಪು ಬಾವುಟ. ನೀರಿಗೆ ಇಳಿಯಬೇಡಿ ಎಂದು ಹೇಳುವ ಬಾವುಟ. ಬಿಸಿಲಿಗೆ ಮಾಸಿ ಮಾಸಿ ಹುಟ್ಟುಹಬ್ಬದ ಬಲೂನಿನ ಬಣ್ಣಕ್ಕೆ ಬಂದಿತ್ತು.

ಆ ಬಣ್ಣ ನೋಡಿ ಹೆದರುವವರು ಯಾರು? ನಾವೂ ಹೆದರಲಿಲ್ಲ. ಎಲ್ಲಿ ಅಲೆ ಕಡಿಮೆಯೋ ಅಲ್ಲಿ ಮಕ್ಕಳನ್ನು ನಿಲ್ಲಿಸಿದೆವು. ನಮ್ಮಂಥ ಘಟ್ಟದ ಮೇಲಿನವರು ಮಾಡುವ ತಪ್ಪೇ ಇದು ಎಂದು ಅಂದು ಕಲಿತೆ. ಆ ಕಡೆ ಈ ಕಡೆ ಅಲೆ ಒಡೆಯುತ್ತಿದ್ದು, ನಡುವೆ ಒಂದು ಜಾಗ ಮಾತ್ರ ಸುಮ್ನೆ ಮಲಗಿದ ಹಾಗೆ ಕಾಣುತ್ತದಲ್ಲ, ದಡಕ್ಕೆ ನುಗ್ಗಿದ ನೀರೆಲ್ಲ ವಾಪಸ್ ಹೋಗುವ ದಾರಿ ಅದು. ಅಲೆ ಕಾಣದಿರುವುದು ಅದಕ್ಕೇ. ಹೊಳೆಯ ಮಡು ನೋಡಿ ಬೆಳೆದವರಿಗೆ ಶಾಂತ ನೀರು ಎಂದರೆ ಆಳ ಎಂದು ಗೊತ್ತು. ಸಮುದ್ರದಲ್ಲಿ ಶಾಂತ ನೀರು ಎಂದರೆ ಸೆಳವು ಎಂದು ಗೊತ್ತಿರಲಿಲ್ಲ.

ಮಗನಿಗೆ ಮೊಣಕಾಲಿನವರೆಗೆ ನೀರಿತ್ತು, ಅಷ್ಟೇ. ನಮ್ಮನೆಯವರು ಎರಡು ಹೆಜ್ಜೆ ದೂರ. ಒಂದು ಅಲೆ ಬಂತು, ವಾಪಸ್ ಹೋಗುವಾಗ ಅವನ ಕಾಲಡಿಯ ಮರಳನ್ನು ಎಳೆದುಕೊಂಡು ಹೋಯಿತು. ಕುಳಿತ. ಕುಳಿತವನು ಹಾಗೇ ಜಾರಿದ. ನಮ್ಮನೆಯವರು ಧುಮುಕಿ ಅಂಗಿಯ ಬೆನ್ನು ಹಿಡಿಯುವಷ್ಟರಲ್ಲಿ ಅವರ ಎದೆಯ ಮಟ್ಟಕ್ಕೆ ನೀರು ಬಂದಿತ್ತು. ಅವರಿಗೆ ಹೊಳೆ ಈಜು ಬರುತ್ತದೆ. ನೇರ ದಡಕ್ಕೆ ಬರಲು ಒದ್ದಾಡಿದರು, ಆಗಲಿಲ್ಲ. ಬಲೆ ಸರಿಮಾಡುತ್ತ ಕುಳಿತಿದ್ದ ಮೀನುಗಾರರೊಬ್ಬರು ಎದ್ದು ನಿಂತು, "ಬದಿಗೆ! ಬದಿಗೆ ಬನ್ನಿ!" ಎಂದು ಕೂಗಿದರು. ದಡಕ್ಕೆ ಎದುರಾಗಿ ಅಲ್ಲ, ದಡದ ಉದ್ದಕ್ಕೆ ಈಜಬೇಕು ಎಂದು ಅದರ ಅರ್ಥ. ಇವರು ಪಕ್ಕಕ್ಕೆ ಸರಿದರು, ಹತ್ತು ಹನ್ನೆರಡು ಮಾರು ಹೋದ ಮೇಲೆ ಅಲೆಯೇ ಇಬ್ಬರನ್ನೂ ತಂದು ಹಾಕಿತು. ಒಟ್ಟು ಒಂದೋ ಎರಡೋ ನಿಮಿಷ ಇರಬೇಕು.

ಅಷ್ಟರಲ್ಲಿ ಜೀವರಕ್ಷಕ ಹುಡುಗ ಓಡಿ ಬಂದಿದ್ದ. ಬರಿಗೈಯಲ್ಲಿ. ಟ್ಯೂಬ್ ಎಲ್ಲಿ ಎಂದು ನಾನು ಅವನ ಮೇಲೆ ಕೂಗಾಡಿದೆ. ಅವನು ಹಿಂದೆ ಒಂದು ಚಿಕ್ಕ ಕೋಣೆ ತೋರಿಸಿದ. "ಟ್ಯೂಬ್ ಒಳಗುಂಟು ಮೇಡಂ. ಕೀಲಿ ಸೂಪರ್‌ವೈಸರ್ ಹತ್ರ. ಅವರು ಭಾನುವಾರ ಬರುದಿಲ್ಲ."

ಮಗಳು ಈ ಸಲ ಎಣಿಸಲಿಲ್ಲ. ಸುಮ್ಮನೆ ಐದು ಬೆರಳು ಬಿಡಿಸಿ ನನಗೆ ತೋರಿಸಿದಳು.

ಆ ಹುಡುಗನ ಮೇಲೆ ಕೂಗಾಡಿದ್ದಕ್ಕೆ ನನಗೆ ಇವತ್ತಿಗೂ ನಾಚಿಕೆ ಇದೆ. ಅಷ್ಟು ಉದ್ದದ ಬೀಚಿಗೆ ಅವನೊಬ್ಬನೇ. ಕೂರಲು ಕುರ್ಚಿ ಇಲ್ಲ, ತಲೆಯ ಮೇಲೆ ಕೊಡೆ ಇಲ್ಲ. ಕೊರಳಲ್ಲಿ ಒಂದು ಸೀಟಿ. ಬೆಳಿಗ್ಗೆಯಿಂದ ಊದಿ ಊದಿ ಗಂಟಲು ಕಟ್ಟಿತ್ತು. ಜನ ಕೇಳುವುದಿಲ್ಲ, ಕೆಲವರು ಅವನಿಗೇ ಜೋರು ಮಾಡುತ್ತಾರೆ. ಕೀಲಿ ಕೊಡಿ ಎಂದು ಅವನು ಕೇಳಿದ್ದನಂತೆ. ಸಾಮಾನು ಕಳೆದುಹೋದರೆ ನಿನ್ನ ಸಂಬಳದಲ್ಲಿ ಮುರಿಯಬೇಕಾಗುತ್ತದೆ ಎಂದು ಹೇಳಿದರಂತೆ. ಒಂದು ರಬ್ಬರ್ ಟ್ಯೂಬು ಕಳೆದುಹೋಗಬಾರದು ಎನ್ನುವ ಕಾಳಜಿ ನಮ್ಮಲ್ಲಿ ಇಷ್ಟು ಗಟ್ಟಿಯಾಗಿದೆ.

ಇದೆಲ್ಲ ಆಗದ ಮಾತು, ಇಷ್ಟು ಉದ್ದದ ಕರಾವಳಿಯಲ್ಲಿ ಎಲ್ಲ ಕಡೆ ಹೇಗೆ ನೋಡಿಕೊಳ್ಳುವುದು ಎಂದು ನೀವು ಹೇಳಬಹುದು. ಹಾಗಾದರೆ ಪಡುಬಿದ್ರಿ ನೋಡಿ. 2020ರಲ್ಲಿ ದೇಶದ 8 ಬೀಚುಗಳಿಗೆ ಮೊದಲ ಬಾರಿ, ಶುಚಿ ಮತ್ತು ಸುರಕ್ಷತೆ ನೋಡಿ ಕೊಡುವ ಬ್ಲೂ ಫ್ಲ್ಯಾಗ್ (ನೀಲಿ ಬಾವುಟ) ಮಾನ್ಯತೆ ಸಿಕ್ಕಾಗ ಅದರಲ್ಲಿ ಎರಡು ನಮ್ಮವು: ಪಡುಬಿದ್ರಿ ಮತ್ತು ಹೊನ್ನಾವರದ ಕಾಸರಕೋಡು. ಆ ಬಾವುಟ ಹಾರಿಸಬೇಕಾದರೆ 33 ಷರತ್ತು ಇವೆ. ನೀರಿನ ಗುಣಮಟ್ಟ ಪರೀಕ್ಷೆ ಮಾಡಿ ಫಲಿತಾಂಶವನ್ನು ಜನರಿಗೆ ಕಾಣುವಂತೆ ಹಾಕಬೇಕು. ಸಾಕಷ್ಟು ಶೌಚಾಲಯ ಇರಬೇಕು, ಅವು ಸ್ವಚ್ಛವಾಗಿರಬೇಕು. ಜೀವರಕ್ಷಕರು, ರಕ್ಷಣೆಯ ಸಲಕರಣೆ, ಪ್ರಥಮ ಚಿಕಿತ್ಸೆ ಇರಬೇಕು. ಕಳೆದ ವರ್ಷ ಪಡುಬಿದ್ರಿಯ ಎಂಡ್ ಪಾಯಿಂಟ್‌ಗೆ ನಾವು ಹೋಗಿದ್ದೆವು. ಒಳಗೆ ಹೋಗಲು ದುಡ್ಡು ತೆಗೆದುಕೊಂಡರು, ಖುಷಿಯಿಂದ ಕೊಟ್ಟೆವು. ಅತ್ತೆ ಅಂದು ಎರಡು ಎಳನೀರು ಕುಡಿದರು. ನನ್ನ ಪಾಲಿಗೆ ಅದೇ ಸರ್ಟಿಫಿಕೇಟು.

ಎಲ್ಲ ಬೀಚಿಗೂ ನೀಲಿ ಬಾವುಟ ಬೇಕು ಎಂದು ನಾನು ಕೇಳುವುದಿಲ್ಲ. ಕೆಂಪು ಬಾವುಟ ಕೆಂಪಾಗಿರಲಿ, ಸಾಕು.

ಆ ಸಂಜೆಯ ಕತೆಯನ್ನೂ ಹೇಳದಿದ್ದರೆ ತಪ್ಪಾಗುತ್ತದೆ. ಆಗಿದ್ದು ಸಾಕು, ಮನೆಗೆ ಹೋಗೋಣ ಎಂದು ನಾನು. ಮಗಳ ಮುಖ ನೋಡಿ ನಮ್ಮನೆಯವರು ಕಾರನ್ನು ಕಾಪುವಿನ ಕಡೆ ತಿರುಗಿಸಿದರು. ಮಗ ಹಿಂದಿನ ಸೀಟಿನಲ್ಲಿ ಟವೆಲ್ ಸುತ್ತಿಕೊಂಡು ಅಜ್ಜಿಯ ತೊಡೆಯ ಮೇಲೆ ನಿದ್ದೆ ಹೋಗಿದ್ದ. ಕಾಪುವಿನ ದೀಪಸ್ತಂಭ 1901ರದ್ದು. 27 ಮೀಟರ್ ಎತ್ತರ, ಸಮುದ್ರದ ಪಕ್ಕದ ಬಂಡೆಯ ಮೇಲೆ ಕಪ್ಪು ಬಿಳಿ ಪಟ್ಟೆ ಹಾಕಿಕೊಂಡು ನಿಂತಿದೆ. ಬಾಗಿಲು ತೆರೆದಿತ್ತು! ಮಗಳು ಮೊದಲು ನೋಡಿದ್ದು ಚಿಲಕವನ್ನು.

ಅತ್ತೆ, ಮಗ ಕೆಳಗೇ ಉಳಿದರು. ನಾವು ಮೂವರು ಒಳಗಿನ ಸುರುಳಿ ಮೆಟ್ಟಿಲು ಹತ್ತಿದೆವು. ಮೇಲೆ ಹೋದರೆ ಒಂದು ಕಡೆ ತೆಂಗಿನ ತೋಟ, ಇನ್ನೊಂದು ಕಡೆ ಬರೀ ನೀರು. ಮಗಳು ಪ್ರಶ್ನೆ ಮೇಲೆ ಪ್ರಶ್ನೆ ಹಾಕುತ್ತಿದ್ದಳು, ಅಲ್ಲಿದ್ದ ಸಿಬ್ಬಂದಿ ಬೇಸರವಿಲ್ಲದೆ ಉತ್ತರ ಹೇಳಿದರು. ಹಗಲಲ್ಲಿ ದೋಣಿಯವರು ಇದನ್ನು ಪಟ್ಟೆಯಿಂದ ಗುರುತಿಸುತ್ತಾರಂತೆ. ರಾತ್ರಿ ಪಟ್ಟೆ ಕಾಣುವುದಿಲ್ಲವಲ್ಲ, ಆಗ ಬೆಳಕು ಮಿನುಗುವ ಲೆಕ್ಕದಿಂದ. ಒಂದೊಂದು ದೀಪಸ್ತಂಭದ್ದು ಒಂದೊಂದು ಲೆಕ್ಕ. ಎಷ್ಟು ಸಲ ಮಿಂಚಿತು, ಎಷ್ಟು ಹೊತ್ತು ಕತ್ತಲೆ ಇತ್ತು ಎಂದು ಎಣಿಸಿದರೆ ಇದು ಯಾವ ಊರಿನ ದೀಪ ಎಂದು ಹೇಳಬಹುದು. "ಹಾಗಾದ್ರೆ ಅದು ದೀಪದ ಹೆಸರು," ಅಂದಳು ಮಗಳು. ಅವರು ನಕ್ಕು, ಹೌದು ಪುಟ್ಟಿ ಅಂದರು. ಇಷ್ಟು ವರ್ಷ ಸಮುದ್ರ ನೋಡಿದ ನನಗೂ ಅದು ಗೊತ್ತಿರಲಿಲ್ಲ. ಆ ಹತ್ತು ನಿಮಿಷದ ಮಾತಿಗೆ ಯಾವ ಟೆಂಡರೂ ಬೇಕಾಗಿರಲಿಲ್ಲ, ಅಲ್ವಾ?

ಆದರೆ ಆರು ಗಂಟೆಗೆ ಸೂರ್ಯ ಮುಳುಗಿತು. ಮುಂದೆ ಇಬ್ಬರು ಮಕ್ಕಳನ್ನು ಕಟ್ಟಿಕೊಂಡು ಕತ್ತಲಲ್ಲಿ ಆಗುಂಬೆ ಹತ್ತಬೇಕು. ಮನೆ ಸೇರುವಾಗ ರಾತ್ರಿ ಒಂಬತ್ತೂವರೆ. ದೀಪಸ್ತಂಭ ಸಂಜೆ ಮಾತ್ರ ನೋಡಲು ಸಿಗುವುದಾದರೆ ದೂರದಿಂದ ಬರುವ ಚಿಕ್ಕ ಮಕ್ಕಳ ಪಾಲಿಗೆ ಅದು ಬಹುತೇಕ ಇಲ್ಲದ ಹಾಗೇ. 2024ರ ಫೆಬ್ರುವರಿಯಲ್ಲಿ ಪ್ರವಾಸಿಗರಿಗೆ ಸೌಕರ್ಯ ಮಾಡಿದ ದೇಶದ 75 ದೀಪಸ್ತಂಭಗಳನ್ನು ಪ್ರಧಾನಿಯವರು ಲೋಕಾರ್ಪಣೆ ಮಾಡಿದರು. ಒಳ್ಳೆಯದು. ಹಾಗೆ ಜನರಿಗೆ ಕೊಟ್ಟ ಮೇಲೆ ಭಾನುವಾರ ಮತ್ತು ಶಾಲೆಯ ರಜೆಯ ದಿನಗಳಲ್ಲಾದರೂ ಬೆಳಿಗ್ಗೆ ಒಂದು ಗಂಟೆ ಬಾಗಿಲು ತೆರೆಯಲು ಆಗುವುದಿಲ್ಲವೇ? ಒಂಬತ್ತರಿಂದ ಹತ್ತು. ಬಿಸಿಲು ಏರುವ ಮೊದಲೇ ಮುಗಿಯುತ್ತದೆ. ಆಗುವುದೇ ಇಲ್ಲ ಎಂದಾದರೆ, ಯಾವಾಗ ತೆರೆದಿರುತ್ತದೆ ಎನ್ನುವುದನ್ನು ಹೆದ್ದಾರಿಯ ತಿರುವಿನಲ್ಲೇ ಕನ್ನಡದಲ್ಲಿ ಬರೆಸಿ. ಉಪ್ಪುಗಾಳಿಗೆ ತಡೆಯುವ ಬಣ್ಣದಲ್ಲಿ.

ಉಳಿದ ಬೇಡಿಕೆಗಳು ಇನ್ನೂ ಚಿಕ್ಕವು. ರಕ್ಷಣೆಯ ಟ್ಯೂಬು, ಹಗ್ಗ ಕೋಣೆಯೊಳಗೆ ಬೇಡ. ಬಾವುಟದ ಕಂಬಕ್ಕೇ ಒಂದು ಕೊಕ್ಕೆ ಹೊಡೆದು ನೇತುಹಾಕಿ. ಯಾರು ಬೇಕಾದರೂ ಎತ್ತಿಕೊಂಡು ಎಸೆಯುವ ಹಾಗಿರಲಿ. ಕದ್ದರೆ ಕದಿಯಲಿ, ಇನ್ನೊಂದು ತನ್ನಿ, ಹುಡುಗನ ಸಂಬಳ ಮುರಿಯಬೇಡಿ. ಅವನಿಗೊಂದು ಕೊಡೆ ಮತ್ತು ಜೊತೆಗೆ ಇನ್ನೊಬ್ಬ. ಸೆಳವು ಎಂದರೆ ಏನು, ಸಿಕ್ಕಿಕೊಂಡರೆ ಯಾವ ಕಡೆ ಈಜಬೇಕು ಎನ್ನುವುದರ ಚಿತ್ರವನ್ನು ಆ 'ಐ ಲವ್' ಅಕ್ಷರಗಳ ಪಕ್ಕದಲ್ಲೇ ಹಾಕಿ. ಎಲ್ಲರೂ ಫೋಟೊ ತೆಗೆಯಲು ನಿಲ್ಲುವುದು ಅಲ್ಲಿಯೇ. ಓದು ಬಾರದ ಮಗುವಿಗೂ ಅರ್ಥವಾಗುವಂತೆ, ಮೂರಡಿ ಎತ್ತರದಲ್ಲಿ.

ಶೌಚಾಲಯದ ಕೀಲಿಯನ್ನು ಆ ಊರಿನ ಯಾವುದಾದರೂ ಮಹಿಳಾ ಸ್ವಸಹಾಯ ಸಂಘಕ್ಕೆ ಕೊಟ್ಟು ನೋಡಿ. ಹತ್ತು ರೂಪಾಯಿ ತೆಗೆದುಕೊಳ್ಳಲಿ, ಇಪ್ಪತ್ತು ತೆಗೆದುಕೊಳ್ಳಲಿ. ನೀರು, ಒಂದು ಬಕೆಟ್ಟು, ಒಳಗಿನಿಂದ ಹಾಕಿಕೊಳ್ಳುವ ಚಿಲಕ ಇದ್ದರೆ ಯಾವ ಹೆಂಗಸೂ ದುಡ್ಡಿಗೆ ಚೌಕಾಸಿ ಮಾಡುವುದಿಲ್ಲ. ಎಳನೀರಿನ ಅಮ್ಮನಂಥವರಿಗೆ ಆ ಜಾಗದ ಮೇಲೆ ಇರುವ ಕಾಳಜಿ ದೂರದ ಗುತ್ತಿಗೆದಾರನಿಗೆ ಇರಲು ಸಾಧ್ಯವಿಲ್ಲ. ಮತ್ತೆ, ಸೂಪರ್‌ವೈಸರ್ ಅವರಿಗೂ ವಾರಕ್ಕೊಂದು ರಜೆ ಬೇಕು, ಸರಿ. ಅದು ಮಂಗಳವಾರ ಇರಲಿ.

ಆ ಜಾರುಬಂಡೆಯನ್ನು ಗಾಳಿಮರದ ನೆರಳಿಗೆ ಸರಿಸಿ. ನಾಲ್ಕು ಆಳಿನ ಅರ್ಧ ದಿನದ ಕೆಲಸ.

ಇದರಲ್ಲಿ ಹೊಸದಾಗಿ ಕಟ್ಟಬೇಕಾದ್ದು ಏನೂ ಇಲ್ಲ ಎನ್ನುವುದನ್ನು ದಯವಿಟ್ಟು ಗಮನಿಸಿ. ಎಲ್ಲ ಇದೆ. ಕಟ್ಟಿದ್ದೀರಿ, ಬಣ್ಣ ಬಳಿದಿದ್ದೀರಿ, ಕಲ್ಲು ಹಾಕಿಸಿದ್ದೀರಿ. ತೇಲುವ ಸೇತುವೆ, ಕೇಬಲ್ ಕಾರು ಎಂದು ಪೇಪರಿನಲ್ಲಿ ಓದಿದಾಗಲೆಲ್ಲ ನನಗೆ ಅದಕ್ಕೂ ಒಂದು ಬಾಗಿಲು ಇರುತ್ತದಲ್ಲ ಎಂದು ಯೋಚನೆ ಬರುತ್ತದೆ.

ಮಗ ಈಗ ಆರಾಮಾಗಿದ್ದಾನೆ. ಎರಡು ದಿನ ಬಚ್ಚಲಲ್ಲಿ ತಲೆಗೆ ನೀರು ಹಾಕಿದರೆ ಬೆಚ್ಚುತ್ತಿದ್ದ, ಈಗ ಇಲ್ಲ. ಮತ್ತೆ ಸಮುದ್ರಕ್ಕೆ ಯಾವಾಗ ಎಂದು ಅವನೇ ಕೇಳುತ್ತಿದ್ದಾನೆ. ಡಿಸೆಂಬರ್ ಕೊನೆಯ ವಾರ ಬರುವುದೆಂದು ಮಾತಾಗಿದೆ. ಈ ಸಲ ಮಗಳ ಗೆಳತಿಯ ಮನೆಯವರೂ ಜೊತೆಗೆ ಬರುತ್ತಾರೆ. ಎರಡು ಕಾರು, ಐದು ಮಕ್ಕಳು, ಇಬ್ಬರು ಅಜ್ಜಿಯರು. ಮಗಳು ಈಗಾಗಲೇ ಒಂದು ಪಟ್ಟಿ ಮಾಡಿದ್ದಾಳೆ, ಅದರ ಕೊನೆಯಲ್ಲಿ 'ಬೀಗ' ಎಂದು ಬರೆದು ಮುಂದೆ ಖಾಲಿ ಬಿಟ್ಟಿದ್ದಾಳೆ.

ಬೆಳಿಗ್ಗೆ ಬರಬೇಕೋ ಸಂಜೆ ಬರಬೇಕೋ, ಅದೊಂದನ್ನು ತಿಳಿಸಿದರೆ ಉಪಕಾರವಾಗುತ್ತದೆ. ಟವೆಲ್ ನಾವೇ ತರುತ್ತೇವೆ.

ಗೌರವದೊಂದಿಗೆ,
ತೀರ್ಥಹಳ್ಳಿ ಕಡೆಯ ಇಬ್ಬರು ಮಕ್ಕಳ ತಾಯಿ